ಚಿತ್ರದುರ್ಗದ ಮಗು ‘ಚಿತ್ರದುರ್ಗ’ ಎಂದು ಓದಬೇಕು

ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ತನ್ನ ವಯಸ್ಸಿಗೆ ತಕ್ಕ ಒಂದು ಪುಟ ಕನ್ನಡವನ್ನು ತಡವರಿಸದೆ ಓದಲು ಬರಬೇಕು. ಓದಿದ್ದೇನೆಂದು ತನ್ನದೇ ಮಾತಿನಲ್ಲಿ ಹೇಳಲು ಬರಬೇಕು. ನಮ್ಮ ಬೇಡಿಕೆ ಇಷ್ಟೇ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಪಾಠ ಹೇಳುವವರು, ಅಂಗನವಾಡಿ ನಡೆಸುವವರು, ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವರು, ಮಕ್ಕಳನ್ನು ಶಾಲೆಗೆ ಕಳಿಸುವ ತಾಯ್ತಂದೆಯರು ಸೇರಿ ಈ ಪ್ರಣಾಳಿಕೆಗೆ ಒಪ್ಪಿಗೆ ಕೊಟ್ಟಿದ್ದೇವೆ.

ಬೇಡಿಕೆ ಹೊಸದಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇದನ್ನೇ ಹೇಳಿತು. 2021ರ ಜುಲೈನಲ್ಲಿ ಆರಂಭವಾದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಇದಕ್ಕೆ 2026-27ರ ಗಡುವು ಗೊತ್ತುಮಾಡಿತು. ಆದರೆ ಮಕ್ಕಳ ಕಲಿಕೆ ಅಳೆಯುವ ಅಸರ್‌ನ 2018ರ ಸಮೀಕ್ಷೆಗೆ ಹೋಲಿಸಿದರೆ 2022ರ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಮೂರನೇ ತರಗತಿ ಮಕ್ಕಳ ಓದು ಕುಸಿದಿತ್ತು. ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿದ್ದು ಅದಕ್ಕೆ ಒಂದು ಕಾರಣ, ನಿಜ. ಆದರೆ ಶಾಲೆ ಮುಚ್ಚುವ ಮೊದಲೂ ನಮ್ಮ ಮಕ್ಕಳ ಓದು ನೆಮ್ಮದಿಯಾಗಿರಲಿಲ್ಲ.

ಹೇಗೆ ಎಂದು ಕೇಳುವವರು ಯಾವ ಊರಿನ ನಾಲ್ಕನೇ ತರಗತಿಗಾದರೂ ಹೋಗಿ ಕೂರಬಹುದು. ಅಲ್ಲಿ ‘ಅ’ದಿಂದ ‘ಳ’ದವರೆಗೆ ಒಂದೇ ಉಸಿರಿಗೆ ಹೇಳುವ ಮಗು ಸಿಗುತ್ತದೆ. ಕ ಕಾ ಕಿ ಕೀ ರಾಗವಾಗಿ ಬರುತ್ತದೆ. ಅದೇ ಮಗುವಿನ ಮುಂದೆ ‘ತಿಪ್ಪೇಸ್ವಾಮಿ ಹೊಲದಲ್ಲಿ ಈರುಳ್ಳಿ ಕಿತ್ತ’ ಎಂಬ ಸಾಲು ಇಟ್ಟರೆ, ಬೆರಳಿಟ್ಟು ಒಂದೊಂದೇ ಅಕ್ಷರ ಹುಡುಕುತ್ತ ‘ತಿಪೇಸಾಮಿ ಹೊಲದಲಿ ಈರುಳಿ ಕಿತ’ ಎಂದು ಮುಗಿಸುತ್ತದೆ. ಆಮೇಲೆ ಪಕ್ಕದ ಚಿತ್ರ ನೋಡಿ ಅರ್ಥ ಊಹಿಸುತ್ತದೆ. ಒತ್ತುಗಳೆಲ್ಲ ಬಿದ್ದುಹೋಗಿವೆ. ಇದು ಸೋಮಾರಿತನವಲ್ಲ, ದಡ್ಡತನವೂ ಅಲ್ಲ. ಆ ಮಗುವಿಗೆ ಒತ್ತಕ್ಷರವನ್ನು ಯಾರೂ ಕೂರಿಸಿಕೊಂಡು ಕಲಿಸಿಲ್ಲ.

ಓದು ಕಲಿಸುವುದು ಹೇಗೆಂಬ ಜಗಳ ಜಗತ್ತಿನಲ್ಲಿ ಹಳೆಯದು. ಅಮೆರಿಕದಲ್ಲಿ 1955ರಲ್ಲಿ ರುಡಾಲ್ಫ್ ಫ್ಲೆಶ್ ಪುಸ್ತಕ ಬರೆದು, ಮಕ್ಕಳಿಗೆ ಅಕ್ಷರದ ದನಿ ಕಲಿಸದೆ ಇಡೀ ಪದವನ್ನು ನೋಡಿ ನೆನಪಿಟ್ಟುಕೊಳ್ಳಿ ಎನ್ನುತ್ತಿದ್ದಾರೆಂದು ಸಿಟ್ಟಾದರು. 1967ರಲ್ಲಿ ಕೆನ್ ಗುಡ್‌ಮನ್, ಓದುವುದೆಂದರೆ ಸಂದರ್ಭ ಹಿಡಿದು ಊಹಿಸುತ್ತ ಸಾಗುವುದು ಎಂದು ವಾದಿಸಿದರು. ಆ ವಾದ ಹಲವು ದೇಶಗಳ ತರಗತಿಗಳಿಗೆ ಹಬ್ಬಿತು. 2000ದಲ್ಲಿ ಅಮೆರಿಕದ ರಾಷ್ಟ್ರೀಯ ಓದು ಸಮಿತಿ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿ, ದನಿ ಮತ್ತು ಅಕ್ಷರದ ನಂಟನ್ನು ಕ್ರಮವಾಗಿ, ನೇರವಾಗಿ ಕಲಿಸಿದರೆ ಮಕ್ಕಳು ಚೆನ್ನಾಗಿ ಓದುತ್ತಾರೆ ಎಂದಿತು. ಇಂಗ್ಲೆಂಡಿನಲ್ಲಿ 2006ರ ರೋಸ್ ವರದಿ ಅದನ್ನೇ ಶಿಫಾರಸು ಮಾಡಿತು. 2012ರಿಂದ ಅಲ್ಲಿ ಒಂದನೇ ವರ್ಷದ ಮಕ್ಕಳಿಗೆ ಫೋನಿಕ್ಸ್ (ಅಕ್ಷರ-ದನಿಯ ನಂಟು) ಪರೀಕ್ಷೆ ನಡೆಯುತ್ತಿದೆ.

ನಾವು ಈ ಜಗಳದಲ್ಲಿ ಪಕ್ಷ ಹಿಡಿಯುತ್ತೇವೆ. ಓದು ಊಹೆಯಲ್ಲ. ದನಿ ಯಾವುದು, ಅದರ ಗುರುತು ಯಾವುದು ಎಂದು ಮಗುವಿಗೆ ಬಿಡಿಸಿ ಹೇಳಲೇಬೇಕು. ಆದರೆ ಇಂಗ್ಲಿಷಿಗಾಗಿ ಕಟ್ಟಿದ ವಿಧಾನವನ್ನು ಹಾಗೇ ಎತ್ತಿ ತಂದು ಕನ್ನಡದ ಮೇಲೆ ಹೇರುವುದನ್ನು ನಾವು ಒಪ್ಪುವುದಿಲ್ಲ. ಎರಡು ಲಿಪಿಗಳ ಕಷ್ಟ ಬೇರೆ ಬೇರೆ. ಇಂಗ್ಲಿಷಿನಲ್ಲಿ ಅಕ್ಷರ 26, ದನಿ ಸುಮಾರು 44. ಒಂದೇ ಅಕ್ಷರ ಒಂದೊಂದು ಪದದಲ್ಲಿ ಒಂದೊಂದು ರೀತಿ ನುಡಿಯುತ್ತದೆ. ಕನ್ನಡದಲ್ಲಿ ಬರೆದದ್ದನ್ನು ಹೆಚ್ಚುಕಡಿಮೆ ಬರೆದ ಹಾಗೇ ಓದಬಹುದು, ಮೋಸವಿಲ್ಲ. ನಮ್ಮ ಕಷ್ಟ ಇರುವುದು ಗುರುತುಗಳ ಸಂಖ್ಯೆಯಲ್ಲಿ. ವರ್ಣಮಾಲೆಯ ಅಕ್ಷರ 49 ಎಂದು ಹೇಳಿಬಿಡುತ್ತೇವೆ. ಆದರೆ 34 ವ್ಯಂಜನಗಳಿಗೆ 13 ಸ್ವರ ಸೇರಿದರೆ 442 ರೂಪಗಳಾಗುತ್ತವೆ. ಅದರ ಮೇಲೆ ಅನುಸ್ವಾರ, ವಿಸರ್ಗ, ಒತ್ತಕ್ಷರ, ಅರ್ಕಾವೊತ್ತು. ‘ವು’ ಮತ್ತು ‘ಮ’ ಅಕ್ಕಪಕ್ಕ ನಿಂತರೆ ದೊಡ್ಡವರ ಕಣ್ಣೂ ಒಂದು ಕ್ಷಣ ತಡೆಯುತ್ತದೆ.

ಕನ್ನಡ ಶಾಲೆಗಳ ಮಕ್ಕಳನ್ನೇ ಇಟ್ಟುಕೊಂಡು ಸೊನಾಲಿ ನಾಗ್ ಅವರು ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದೂ ಇದನ್ನೇ. ಇಂಗ್ಲಿಷ್ ಅಕ್ಷರಮಾಲೆ ಕಲಿಯುವುದಕ್ಕಿಂತ ಕನ್ನಡದ ಅಕ್ಷರಗಳು ಪೂರ್ತಿ ಕೈವಶವಾಗಲು ಬಹಳ ಹೆಚ್ಚು ಕಾಲ ಬೇಕು, ನಾಲ್ಕನೇ ತರಗತಿಯವರೆಗೂ ಆ ಕಲಿಕೆ ನಡೆಯುತ್ತಲೇ ಇರುತ್ತದೆ. ಒಂದನೇ ತರಗತಿಯಲ್ಲಿ ಅಕ್ಷರ ಮುಗಿಯಿತು, ಇನ್ನು ಪಾಠ ಶುರು ಎಂಬ ನಂಬಿಕೆಗೆ ಆಧಾರವಿಲ್ಲ. ‘ಕಿ’ಯಲ್ಲಿ ಕ್ ಮತ್ತು ಇ ಎಂಬ ಎರಡು ದನಿಗಳಿವೆ ಎಂಬ ಅರಿವೂ ಮಗುವಿಗೆ ಮೊದಲ ದಿನವೇ ಬರುವುದಿಲ್ಲ. ಅಕ್ಷರ ಕೂಡಿ, ಗುಣಿತ ಕೂಡಿ, ಬರುಬರುತ್ತ ಅದು ಬಲಿಯುತ್ತದೆ. ಹಾಗಾಗಿ ಕನ್ನಡದಲ್ಲಿ ಮೊದಲ ಹೆಜ್ಜೆ ಇಡೀ ಅಕ್ಷರವೇ ಆಗಬೇಕು. ದನಿಗಳನ್ನು ಬಿಡಿಬಿಡಿಯಾಗಿ ಒಡೆದು ತೋರಿಸುವ ಕೆಲಸ ಕಾಗುಣಿತದ ಜೊತೆಯಲ್ಲಿ ಬರಲಿ.

ನಮ್ಮ ಕಡೆ ಕೇಳಿಬರುವ ಮೂರು ವಾದಗಳಿಗೆ ಇಲ್ಲಿ ಉತ್ತರ ಹೇಳಬೇಕು.

ಮೊದಲನೆಯದು ಹಿರಿಯರದು. “ನಾವೆಲ್ಲ ಅ ಆ ಇ ಈ ತಿದ್ದಿ, ಕಾಗುಣಿತ ಬಾಯಿಪಾಠ ಮಾಡಿಯೇ ಓದು ಕಲಿತವರು. ಈಗಿನ ಮಕ್ಕಳಿಗೆ ವರ್ಣಮಾಲೆ ವರಸೆಯಾಗಿ ಬರಲ್ಲ” ಎನ್ನುತ್ತಾರೆ. ಅವರ ಕಳಕಳಿ ನಮಗೆ ಅರ್ಥವಾಗುತ್ತದೆ. ವರ್ಣಮಾಲೆಯ ಕ್ರಮದ ಮೇಲೆ ನಮಗೂ ಅಭಿಮಾನವಿದೆ. ಗಂಟಲಿನ ಕ ವರ್ಗದಿಂದ ಹೊರಟು ತುಟಿಯ ಪ ವರ್ಗದವರೆಗೆ, ಬಾಯೊಳಗೆ ದನಿ ಹುಟ್ಟುವ ಜಾಗ ಹಿಡಿದು ಅಕ್ಷರಗಳನ್ನು ಜೋಡಿಸಿದ ಜ್ಞಾನ ಅದು. ಆದರೆ ಆ ಕ್ರಮ ದನಿಗಳನ್ನು ವಿಂಗಡಿಸಲು ಇರುವುದು. ಮೊದಲ ಓದಿಗೆ ಮೆಟ್ಟಿಲಾಗಲು ಅಲ್ಲ. ಆ ಕ್ರಮ ಹಿಡಿದು ಹೋದರೆ ಋ, ಙ, ಞ ಬೇಗ ಬರುತ್ತವೆ. ಅವುಗಳಿಂದ ಆರು ವರ್ಷದ ಮಗು ಓದಬಹುದಾದ ಪದ ಸಿಗುವುದೇ ಅಪರೂಪ. ಮೂರನೇ ತರಗತಿಯಲ್ಲಿ, ಓದು ಬಂದ ಮೇಲೆ, ವರ್ಣಮಾಲೆಯ ಕ್ರಮ ಕಲಿಸೋಣ. ಆಗ ಮಗುವಿಗೆ ಅದರ ಸೊಗಸು ತಿಳಿಯುತ್ತದೆ. ಆ ಹಿರಿಯರ ಜೊತೆ ಶಾಲೆಗೆ ಸೇರಿ, ಓದು ಬಾರದೆ ಅರ್ಧಕ್ಕೆ ಬಿಟ್ಟು ಕುರಿ ಕಾಯಲು ಹೋದವರು ಎಷ್ಟು ಮಂದಿ ಎಂದೂ ಅವರು ನೆನೆಯಬೇಕು. ಕಲಿತವರು ಮಾತ್ರ ಇವತ್ತು ಆ ಪದ್ಧತಿಯನ್ನು ಹೊಗಳಲು ಉಳಿದಿದ್ದಾರೆ.

ಎರಡನೆಯದು ನಲಿಕಲಿಯಿಂದಲೇ ಮಕ್ಕಳ ಓದು ಕೆಟ್ಟಿತು ಎಂಬ ವಾದ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯಲ್ಲಿ ನಡೆಯುತ್ತಿದ್ದ ಕಲಿಕೆಯಿಂದ ಸ್ಫೂರ್ತಿ ಪಡೆದು, ಯುನಿಸೆಫ್ ನೆರವಿನಿಂದ ಕಟ್ಟಿದ ಪದ್ಧತಿ ಇದು. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಮೇಷ್ಟ್ರೇ ಕಟ್ಟಿದ ಪದ್ಧತಿ ಎಂಬ ಗೌರವ ನಮಗಿದೆ. ಅದರ ಅಕ್ಷರಕ್ರಮ ಸರಿಯಾದದ್ದು. ರ, ಗ, ಸ, ದ, ಅ ಎಂಬ ಐದು ಅಕ್ಷರ ಬಂದ ಕೂಡಲೇ ಮಗು ಸರ, ದರ, ಅರಸ, ಅಗಸ, ಗರಗಸ ಓದುತ್ತದೆ. ಅಕ್ಷರ ಕಲಿತದ್ದು ಯಾಕೆಂದು ಅದಕ್ಕೆ ಅಂದೇ ಗೊತ್ತಾಗುತ್ತದೆ. ತಾಂಡಾದ ಮಗು ಅಪ್ಪ ಅಮ್ಮನ ಜೊತೆ ಮಲೆನಾಡಿನ ಕಾಫಿ ತೋಟದ ಕೆಲಸಕ್ಕೆ ಹೋಗಿ ತಿಂಗಳುಗಟ್ಟಲೆ ಬಿಟ್ಟು ಬಂದರೂ, ಕಲಿಕೆಯ ಏಣಿಯಲ್ಲಿ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಹೊಳಲ್ಕೆರೆ, ಹೊಸದುರ್ಗದ ತಾಂಡಾಗಳಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೊಂದಿಲ್ಲ.

ನಲಿಕಲಿ ಸೋಲುವುದು ಎಲ್ಲಿ? ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ಐದು ತಟ್ಟೆ, ಅಂದರೆ ಐದು ಗುಂಪು, ಮಾಡಿಕೊಂಡು ಕೂತಿರುತ್ತಾರೆ. ಮೇಡಂ ಒಬ್ಬರೇ. ಶಿಕ್ಷಕರ ಸಂಪೂರ್ಣ ಬೆಂಬಲದ ತಟ್ಟೆಯಲ್ಲಿ ಕೂತ ಮಗುವಿಗೆ ಆ ಬೆಂಬಲ ಸಿಗುವ ಹೊತ್ತಿಗೆ ಹಾಲು ಬಂತು, ಮೊಟ್ಟೆಯ ಲೆಕ್ಕ ಬಂತು, ಮೊಬೈಲಿನಲ್ಲಿ ಹಾಜರಾತಿ ಏರಿಸಬೇಕಾಯಿತು, ಕ್ಲಸ್ಟರ್ ಕೇಂದ್ರದಿಂದ ಫೋನು ಬಂತು. ಸ್ವಕಲಿಕೆಯ ತಟ್ಟೆಯ ಮಗು ಕಾರ್ಡಿಗೆ ಬಣ್ಣ ಹಚ್ಚಿ ದಿನ ಕಳೆಯುತ್ತದೆ. ಇದು ಪದ್ಧತಿಯ ದೋಷಕ್ಕಿಂತ ಆಳುಬಲದ ದೋಷ. ಮೇಡಂ ಮೇಲೆ ಹೊರಿಸಬೇಡಿ.

ಮೂರನೆಯದು ಹೊಸ ವಾದ, ಹಣವಿದ್ದಲ್ಲೆಲ್ಲ ಗಟ್ಟಿಯಾಗಿ ಕೇಳಿಸುತ್ತಿರುವುದು. ದುರ್ಗದ ಪೇಟೆಯಲ್ಲಾಗಲಿ ಹಿರಿಯೂರಿನ ಹೆದ್ದಾರಿ ಪಕ್ಕದಲ್ಲಾಗಲಿ ಹೊಸ ಶಾಲೆಯ ಫಲಕ ‘ಫೋನಿಕ್ಸ್ ಕಲಿಸುತ್ತೇವೆ’ ಎನ್ನುತ್ತದೆ. ಸರ್ಕಾರವೂ 2019-20ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಇಂಗ್ಲಿಷಿಗೆ ಫೋನಿಕ್ಸ್ ಬೇಕು. ಎ ಬಿ ಸಿ ಡಿ ಎಂದು ಅಕ್ಷರದ ಹೆಸರನ್ನಷ್ಟೇ ಬಾಯಿಪಾಠ ಮಾಡಿಸಿ, ಅಕ್ಷರದ ದನಿ ಹೇಳದೆ, ಕಾಗುಣಿತ ಕೂಡಿಸಿದಂತೆ ಇಂಗ್ಲಿಷ್ ಓದು ಎಂದರೆ ಯಾವ ಮಗುವೂ ಓದದು. ಕೂಲಿ ಮಾಡುವವರ ಮಗುವಿಗೂ ಒಳ್ಳೆಯ ಇಂಗ್ಲಿಷ್ ಸಿಗಬೇಕು ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ. ನಾವು ವಿರೋಧಿಸುವುದು ಕನ್ನಡದ ಓದು ನೆಲೆಗೊಳ್ಳುವ ಮೊದಲೇ ಇನ್ನೊಂದು ಲಿಪಿಯನ್ನು ಅದರ ಮೇಲೆ ಹೇರುವುದನ್ನು, ಕನ್ನಡದ ಗಂಟೆ ಕತ್ತರಿಸಿ ಇಂಗ್ಲಿಷಿಗೆ ಕೊಡುವುದನ್ನು. ಒಂದು ಲಿಪಿಯಲ್ಲಿ ಓದು ಪಳಗಿದ ಮಗು ಎರಡನೆಯದನ್ನು ಬೇಗ ಹಿಡಿಯುತ್ತದೆ. ಎರಡರಲ್ಲೂ ಅರೆಬರೆಯಾದ ಮಗುವಿಗೆ ಎರಡೂ ದಕ್ಕುವುದಿಲ್ಲ.

ಈಗ ಒತ್ತಕ್ಷರದ ಮಾತು. ನಮ್ಮ ಚಳವಳಿ ಹುಟ್ಟಿದ್ದೇ ಇದರಿಂದ.

ಹಳೆಯ ಪದ್ಧತಿಯಲ್ಲೂ ಹೊಸ ಪದ್ಧತಿಯಲ್ಲೂ ಒತ್ತಕ್ಷರ ಬರುವುದು ಅಕ್ಷರ, ಕಾಗುಣಿತ ಎಲ್ಲ ಆದ ಮೇಲೆ. ಅಷ್ಟು ಹೊತ್ತಿಗೆ ವರ್ಷ ಮುಗಿಯುತ್ತದೆ, ಮೇಷ್ಟ್ರಿಗೆ ಪಾಠ ಮುಗಿಸುವ ಅವಸರ ಹತ್ತುತ್ತದೆ. ಆದರೆ ಮಗುವಿನ ನಾಲಿಗೆಯ ಮೇಲೆ ಸದಾ ಇರುವ ಪದಗಳು ಯಾವುವು? ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ, ಅನ್ನ, ಮುದ್ದೆ, ರೊಟ್ಟಿ, ಬೆಲ್ಲ, ಎತ್ತು, ಹಳ್ಳಿ, ಹಟ್ಟಿ. ಎಲ್ಲದರಲ್ಲೂ ಒತ್ತು. ಮಗುವಿಗೆ ಅತಿ ಹತ್ತಿರದ ಮಾತುಗಳೇ ಪುಸ್ತಕದಲ್ಲಿ ಅತಿ ದೂರ ಕೂತಿವೆ. ನಮ್ಮ ನಾಲ್ಕು ತಾಲ್ಲೂಕುಗಳ ಹೆಸರನ್ನೇ ನೋಡಿ. ಒತ್ತಕ್ಷರ ಬಾರದ ಮಗು ಅವುಗಳಲ್ಲಿ ಓದಬಲ್ಲದ್ದು ಹಿರಿಯೂರು ಒಂದನ್ನೇ. ಹೊಳಲ್ಕೆರೆಗೆ ‘ಲ್ಕೆ’ ಬೇಕು, ಹೊಸದುರ್ಗಕ್ಕೆ ಅರ್ಕಾವೊತ್ತು ಬೇಕು. ಚಿತ್ರದುರ್ಗದಲ್ಲಿ ರಕಾರ ಎರಡು ಸಲ ಬರುತ್ತದೆ. ಒಮ್ಮೆ ‘ತ’ದ ಕೆಳಗೆ ಒತ್ತಾಗಿ, ಇನ್ನೊಮ್ಮೆ ‘ಗ’ದ ಬಲಕ್ಕೆ ಅರ್ಕಾವೊತ್ತಾಗಿ. ಎರಡೂ ಕಡೆ ಅದು ಮಗು ಕಲಿತ ‘ರ’ದ ಹಾಗೆ ಕಾಣುವುದಿಲ್ಲ. ಎರಡನೆಯ ಕಡೆ, ಮೊದಲು ನುಡಿಯುವುದು ಆಮೇಲೆ ಬರೆಯಲ್ಪಡುತ್ತದೆ. ಇದನ್ನು ಯಾರೂ ಹೇಳಿಕೊಡದೆ, ಮಗು ತಾನಾಗಿ ಕಂಡುಕೊಳ್ಳಲಿ ಎಂದು ಕಾಯುವುದು ಅನ್ಯಾಯ. ಅಕ್ಷರ ಕಲಿಸಿ ಒತ್ತಕ್ಷರದಲ್ಲಿ ಕೈಬಿಡುವುದು, ಬಾವಿಗೆ ಅರ್ಧ ಹಗ್ಗ ಇಳಿಬಿಟ್ಟು ನೀರು ಬರಲಿಲ್ಲ ಎಂದಂತೆ.

ಒತ್ತಕ್ಷರಗಳಲ್ಲೂ ಸುಲಭ ಕಠಿಣ ಎಂಬುದಿದೆ. ಅಪ್ಪ, ಅಕ್ಕ, ಅಜ್ಜ, ಹಟ್ಟಿ ಎಂಬಲ್ಲಿ ಒತ್ತು ಮೂಲ ಅಕ್ಷರವನ್ನೇ ಹೋಲುತ್ತದೆ, ಮೂಲದಲ್ಲಿ ತಲಕಟ್ಟು ಇದ್ದರೆ ಅದು ಮಾತ್ರ ಬಿದ್ದುಹೋಗುತ್ತದೆ. ತ, ನ, ಮ, ಯ, ರ, ಲ ಎಂಬ ಆರರ ಒತ್ತು ಮೂಲವನ್ನು ಹೋಲುವುದಿಲ್ಲ. ಕಲಿಸುವ ದಾರಿ ಇಲ್ಲೇ ಇದೆ. ಒಂದನೇ ತರಗತಿಯ ಎರಡನೆಯ ಅರ್ಧದಲ್ಲೇ ಅಪ್ಪ, ಅಕ್ಕ, ಅಜ್ಜ ಬರಲಿ. ಅಲ್ಲಿಂದ ಅಮ್ಮ, ಅನ್ನ, ಬೆಲ್ಲ, ಹತ್ತಿ ಎಂದು ಆ ಆರು ಬೇರೆ ರೂಪಗಳಿಗೆ ಸಾಗಲಿ. ಎರಡನೇ ತರಗತಿಯಲ್ಲಿ ಬೇರೆ ಬೇರೆ ವ್ಯಂಜನ ಕೂಡುವ ವಿಜಾತೀಯ ಒತ್ತುಗಳು, ಅರ್ಕಾವೊತ್ತು ಬರಲಿ. ಮೂರನೇ ತರಗತಿಯ ಉದ್ದಕ್ಕೂ ಅವುಗಳ ರೂಢಿ ನಡೆಯಲಿ. ಕಾಗುಣಿತದ 442 ರೂಪಗಳು ಮುಗಿಯುವವರೆಗೆ ಮಗು ‘ಅಮ್ಮ’ ಎಂದು ಓದಲು ಕಾಯಬೇಕಾಗಿಲ್ಲ.

ಅರ್ಥ ಮುಖ್ಯ, ಅಕ್ಷರದ ಮೇಲೆ ಇಷ್ಟು ಒತ್ತು ಯಾಕೆ ಎಂದು ಕೇಳುವ ಗೆಳೆಯರಿದ್ದಾರೆ. ಅರ್ಥಕ್ಕಾಗಿಯೇ ಎಂಬುದು ನಮ್ಮ ಉತ್ತರ. 1986ರಲ್ಲಿ ಗಾಫ್ ಮತ್ತು ಟನ್ಮರ್ ಎಂಬ ವಿದ್ವಾಂಸರು ಒಂದು ಸರಳ ಸೂತ್ರ ಕೊಟ್ಟರು. ಅಕ್ಷರ ಬಿಡಿಸುವ ಶಕ್ತಿಯನ್ನು ಮಾತು ಗ್ರಹಿಸುವ ಶಕ್ತಿಯಿಂದ ಗುಣಿಸಿದರೆ ಬರುವುದು ಓದು. ಎರಡರಲ್ಲಿ ಯಾವುದು ಸೊನ್ನೆಯಾದರೂ ಫಲ ಸೊನ್ನೆ. ನಮ್ಮ ಮಕ್ಕಳ ಗ್ರಹಿಕೆಗೆ ಕೊರತೆಯಿಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ನಾಟಕ ನಡೆವಾಗ ಮುಂದಿನ ಸಾಲಿನಲ್ಲಿ ಕೂತ ಮಕ್ಕಳನ್ನು ನೋಡಿ. ಕತೆಯ ಒಂದು ಎಳೆಯನ್ನೂ ಬಿಡದೆ ಹಿಡಿದು ಮಾರನೆಯ ದಿನ ಊರಿಗೆಲ್ಲ ಹೇಳುತ್ತಾರೆ. ಅದೇ ಕತೆ ಪುಸ್ತಕದಲ್ಲಿ ಬಂದರೆ ಓದಲಾಗದೆ ಸೋಲುತ್ತಾರೆ. ಯಾದಗಿರಿಯ ಕನ್ನಡ ಶಾಲೆಗಳಲ್ಲೂ ಮಹಾರಾಷ್ಟ್ರದ ಮರಾಠಿ ಶಾಲೆಗಳಲ್ಲೂ ಶೈಲಜಾ ಮೆನನ್ ಮತ್ತು ಸಂಗಡಿಗರು ವರ್ಷಗಟ್ಟಲೆ ನಡೆಸಿದ ಅಧ್ಯಯನವೂ, 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಅಕ್ಷರ ಮತ್ತು ಅರ್ಥ ಎರಡನ್ನೂ ಮೊದಲ ದಿನದಿಂದ ಒಟ್ಟಿಗೆ ಕಲಿಸಿ ಎನ್ನುತ್ತವೆ. ಅಕ್ಷರ ಮುಗಿಯಲಿ, ಆಮೇಲೆ ಕತೆ ಎಂಬುದೂ ತಪ್ಪು. ಕತೆ ಇರಲಿ, ಅಕ್ಷರ ತಾನಾಗಿ ಬರುತ್ತದೆ ಎಂಬುದೂ ತಪ್ಪು.

ಮನೆಯ ಮಾತಿನ ಬಗ್ಗೆ ನಮ್ಮ ನಿಲುವು ಖಚಿತ. ತಾಂಡಾದಲ್ಲಿ ಲಂಬಾಣಿ, ಹಿರಿಯೂರಿನ ಗಡಿ ಊರುಗಳಲ್ಲಿ ತೆಲುಗು, ಪೇಟೆಯ ಹಲವು ಮನೆಗಳಲ್ಲಿ ಉರ್ದು. ಗೊಲ್ಲರಹಟ್ಟಿಯ ಕನ್ನಡಕ್ಕೆ ಅದರದೇ ಬನಿ. ಲಂಬಾಣಿ ಮಾತನಾಡುವ ಮಗುವಿಗೆ ‘ಗರಗಸ’ ಓದಲು ಬಂದರೂ ಅದೇನೆಂದು ಗೊತ್ತಿರಲಿಕ್ಕಿಲ್ಲ. ಪದ ಓದಿಸುವ ಮೊದಲು ಆ ವಸ್ತುವನ್ನು ತೋರಿಸಬೇಕು, ಮಗುವಿನ ಮಾತಿನಲ್ಲಿ ಅದರ ಹೆಸರೇನೆಂದು ಕೇಳಬೇಕು. ತರಗತಿಯಲ್ಲಿ ಮನೆಯ ಮಾತಾಡಿದ ಮಗುವನ್ನು ಯಾರೂ ಗದರಬಾರದು. ಮನೆಯಲ್ಲಿ ‘ಹ’ಕಾರ ನುಡಿಯದ ಮಗು ‘ಹಾಲು’ ಎಂದು ಬರೆದದ್ದನ್ನು ‘ಆಲು’ ಎಂದು ಓದಿದರೆ ಅದು ಓದಿನ ತಪ್ಪಲ್ಲ.

ಇನ್ನು ಒತ್ತಾಯಗಳು. ಒಂದರಿಂದ ಮೂರನೇ ತರಗತಿಯವರೆಗೆ ದಿನಕ್ಕೆ ಒಂದು ಪೂರ್ತಿ ಗಂಟೆ ಕನ್ನಡ ಓದಿಗೆ ಮೀಸಲಾಗಬೇಕು. ಆ ಗಂಟೆಯಲ್ಲಿ ಸಭೆ, ಸಮೀಕ್ಷೆ, ಲೆಕ್ಕ, ಫೋಟೋ ಯಾವುದೂ ಬೇಡ. ನಲಿಕಲಿ ಕೋಣೆಯ ಶಿಕ್ಷಕರನ್ನು ಮತದಾರರ ಪಟ್ಟಿಯ ಕೆಲಸಕ್ಕೆ, ಗಣತಿಗೆ ಎಳೆಯಬಾರದು. ಚಿತ್ರದುರ್ಗದ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ನಮ್ಮ ನಾಲ್ಕು ತಾಲ್ಲೂಕುಗಳ ಮೇಷ್ಟ್ರುಗಳನ್ನೇ ಕೂರಿಸಿಕೊಂಡು ಪುಟ್ಟ ಪುಟ್ಟ ಓದು ಪುಸ್ತಕಗಳನ್ನು ಮಾಡಿಸಬೇಕು. ಕಲಿತ ಅಕ್ಷರಗಳಷ್ಟೇ ಇರುವ, ಒಂದೊಂದಾಗಿ ಒತ್ತಕ್ಷರ ಸೇರುತ್ತ ಹೋಗುವ, ಶೇಂಗಾ ಹೊಲ, ತೆಂಗಿನ ತೋಟ, ವಾಣಿವಿಲಾಸ ಸಾಗರ, ಕುರಿಹಟ್ಟಿ ಬರುವ ಕತೆಗಳು ಅವುಗಳಲ್ಲಿರಲಿ. ಡಿ.ಎಲ್.ಇಡಿ ಓದುವವರಿಗೆ ಕನ್ನಡ ಓದು ಕಲಿಸುವುದು ಹೇಗೆಂಬ ಪ್ರತ್ಯೇಕ ಪಾಠ ಇರಲಿ.

ವರ್ಷಕ್ಕೆ ಮೂರು ಸಲ ಪ್ರತಿ ಮಗುವನ್ನೂ ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಓದಿಸಿ ಕೇಳಬೇಕು. ಆ ಫಲಿತಾಂಶ ಮಗುವಿಗೆ ಏನು ಕಲಿಸಬೇಕು ಎಂದು ತಿಳಿಯಲು ಮಾತ್ರ. ಅದನ್ನು ಹಿಡಿದು ಶಾಲೆಗಳಿಗೆ ಸ್ಥಾನ ಕೊಡಬಾರದು, ಶಿಕ್ಷಕರಿಗೆ ನೋಟಿಸು ಕೊಡಬಾರದು. ಭಯ ಹುಟ್ಟಿದ ದಿನ ಅಂಕಿ ಸುಳ್ಳಾಗುತ್ತದೆ. ಚೆನ್ನಾಗಿ ಕಲಿಸಿದ ಮೇಲೂ ಅಕ್ಷರ ಹಿಡಿಯದ ಮಗುವಿದ್ದರೆ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಬೇಕು. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದೆ. ಆ ಮಗುವಿಗೆ ಬೇಕಾದ ನೆರವು ಅದರ ಹಕ್ಕು.

ಸರ್ಕಾರವನ್ನಷ್ಟೇ ಕೇಳಿ ನಾವು ಸುಮ್ಮನೆ ಕೂರುವುದಿಲ್ಲ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ, 2020ರ ‘ಓದುವ ಬೆಳಕು’ ಕಾರ್ಯಕ್ರಮ ಬಂದ ಮೇಲೆ, ಮಕ್ಕಳಿಗೆ ಸದಸ್ಯತ್ವ ಉಚಿತ. ಅಲ್ಲಿ ವಾರಕ್ಕೊಂದು ಸಂಜೆ ಗಟ್ಟಿಯಾಗಿ ಓದಿ ಹೇಳುವ ಕೆಲಸವನ್ನು ನಾವು ಹೊರುತ್ತೇವೆ. ನಾಲ್ಕು, ಐದನೇ ತರಗತಿಗೆ ಬಂದೂ ಓದು ಬಾರದ ಮಕ್ಕಳ ಜೊತೆ ಒತ್ತಕ್ಷರದಿಂದಲೇ ಶುರುಮಾಡಿ ಕೂರುತ್ತೇವೆ. ಇದಕ್ಕೆ ಯಾರಿಂದಲೂ ಹಣ ತೆಗೆದುಕೊಳ್ಳುವುದಿಲ್ಲ. ಯಾವ ಪಕ್ಷದ ಬಾವುಟದ ಕೆಳಗೂ ಹೋಗುವುದಿಲ್ಲ. ಯಾವ ಮಗುವಿಗೂ ದಡ್ಡ ಎನ್ನುವುದಿಲ್ಲ, ಇನ್ನೊಬ್ಬರು ಎಂದರೆ ಬಿಡುವುದಿಲ್ಲ.

ತಾಯಂದಿರೇ, ತಂದೆಯರೇ, ನಿಮಗೆ ಓದು ಬಾರದಿದ್ದರೂ ಈ ಕೆಲಸ ನಿಮ್ಮಿಂದ ಆಗುತ್ತದೆ. ಸಂಜೆ ಹತ್ತು ನಿಮಿಷ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದು ಎನ್ನಿ, ಕೇಳಿಸಿಕೊಳ್ಳಿ, ಏನು ಕತೆ ಎಂದು ಕೇಳಿ. ಮುಂದಿನ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ತಪ್ಪದೆ ಬನ್ನಿ. ಕಾಂಪೌಂಡು, ಬಣ್ಣ, ಶೌಚಾಲಯದ ಮಾತು ಆಗಲಿ, ಅವೂ ಬೇಕು. ಅವುಗಳ ಜೊತೆಗೆ ಎದ್ದು ನಿಂತು ಈ ಪ್ರಶ್ನೆ ಕೇಳಿ: ನಮ್ಮ ಶಾಲೆಯ ಮೂರನೇ ತರಗತಿಯಲ್ಲಿ ಯಾವ ಯಾವ ಮಕ್ಕಳಿಗೆ ಇನ್ನೂ ಓದಲು ಬರುತ್ತಿಲ್ಲ, ಅವರಿಗೆ ಈ ತಿಂಗಳು ಏನು ಕಲಿಸುತ್ತೀರಿ, ಅದಕ್ಕೆ ನಾವೇನು ಮಾಡಬೇಕು? ಉತ್ತರ ಸಿಗುವವರೆಗೆ ಕೂರಬೇಡಿ.